ಮೀನು ಮಂತ್ರಿಗಳ ಮುಂದೆ ಪೇಟೆಂಟ್ ಕಡತ

2004ರ ಡಿಸೆಂಬರ್ 21ರಂದು ಬ್ರಸೆಲ್ಸ್‌ನಲ್ಲಿ ಯುರೋಪಿಯನ್ ಒಕ್ಕೂಟದ ಕೃಷಿ ಮತ್ತು ಮೀನುಗಾರಿಕೆ ಸಚಿವರು ಸಭೆ ಸೇರಿದ್ದರು. ಮುಂದಿನ ವರ್ಷ ಯಾವ ದೇಶದ ದೋಣಿಗಳು ಯಾವ ಕಡಲಿನಲ್ಲಿ ಎಷ್ಟು ಟನ್ ಮೀನು ಹಿಡಿಯಬಹುದು ಎಂಬುದು ವರ್ಷದ ಕೊನೆಯ ಈ ಸಭೆಯಲ್ಲೇ ಗೊತ್ತಾಗುವುದು. ಆ ದಿನದ ಕಾರ್ಯಸೂಚಿಯಲ್ಲಿ ಕಡಲಿಗೂ ಹೊಲಕ್ಕೂ ಸಂಬಂಧವೇ ಇಲ್ಲದ ಒಂದು ಬಾಬತ್ತು ಸೇರಿಕೊಂಡಿತ್ತು. ಕಂಪ್ಯೂಟರಿನ ಮೂಲಕ ಜಾರಿಗೆ ಬರುವ ಆವಿಷ್ಕಾರಗಳಿಗೆ ಪೇಟೆಂಟ್ ಕೊಡುವ ಬಗೆಗಿನ ನಿರ್ದೇಶನ ಅದು. 25 ದೇಶಗಳಲ್ಲಿ ಸಾಫ್ಟ್‌ವೇರ್ ಬರೆಯುವವರೆಲ್ಲರ ಕಸುಬನ್ನು ಮುಟ್ಟುವ ಆ ಕಡತ ಚರ್ಚೆಯಿಲ್ಲದೆ ಅಂಗೀಕಾರವಾಗುವ ಪಟ್ಟಿಯಲ್ಲಿತ್ತು. ಒಕ್ಕೂಟದ ನಿಯಮ ಅದಕ್ಕೆ ಅವಕಾಶ ಕೊಡುತ್ತದೆ. ಒಮ್ಮೆ ರಾಜಕೀಯ ಒಪ್ಪಂದವಾಯಿತೆಂದರೆ ಔಪಚಾರಿಕ ಮುದ್ರೆಯನ್ನು ಯಾವ ಖಾತೆಯ ಸಚಿವರ ಸಭೆ ಬೇಕಾದರೂ ಒತ್ತಬಹುದು.

ಅಂದು ಆ ಮುದ್ರೆ ಬೀಳಲಿಲ್ಲ. ಪೋಲೆಂಡಿನ ವಿಜ್ಞಾನ ಮತ್ತು ಮಾಹಿತಿ ತಂತ್ರಜ್ಞಾನ ಇಲಾಖೆಯ ಕಿರಿಯ ಸಚಿವ ವ್ಲೊಜಿಮಿಯೆಶ್ ಮಾರ್ಚಿನ್‌ಸ್ಕಿ ಇದೊಂದು ಕೆಲಸಕ್ಕಾಗಿಯೇ ಬ್ರಸೆಲ್ಸ್‌ಗೆ ಬಂದಿದ್ದರು. ತಮ್ಮ ಸರ್ಕಾರಕ್ಕೆ ಇನ್ನೂ ಸಮಯ ಬೇಕು, ಈ ಬಾಬತ್ತನ್ನು ಪಟ್ಟಿಯಿಂದ ತೆಗೆಯಿರಿ ಎಂದು ಕೇಳಿದರು. ತೆಗೆದರು. ಒಕ್ಕೂಟಕ್ಕೆ ಸೇರಿ ಎಂಟು ತಿಂಗಳೂ ತುಂಬದ ದೇಶವೊಂದು ಹೀಗೆ ಎದ್ದು ನಿಂತದ್ದು ದೊಡ್ಡ ಸುದ್ದಿಯಾಯಿತು.

ಐದು ದಿನ ಕಳೆದು, ಡಿಸೆಂಬರ್ 26ರ ಭಾನುವಾರ, ದೆಹಲಿಯಲ್ಲಿ ರಾಷ್ಟ್ರಪತಿಗಳ ಅಂಕಿತದೊಂದಿಗೆ ಪೇಟೆಂಟ್ ತಿದ್ದುಪಡಿ ಸುಗ್ರೀವಾಜ್ಞೆ ಹೊರಬಿತ್ತು. ಸುನಾಮಿ ನಮ್ಮ ಪೂರ್ವ ಕರಾವಳಿಯನ್ನೂ ಅಂಡಮಾನನ್ನೂ ಅಪ್ಪಳಿಸಿದ ದಿನವೂ ಅದೇ. ಸಾವಿನ ಸಂಖ್ಯೆ ಗಂಟೆಗಂಟೆಗೂ ಏರುತ್ತಿದ್ದಾಗ ಗೆಜೆಟ್ಟಿನ ಪುಟಗಳನ್ನು ಓದುವ ವ್ಯವಧಾನ ಯಾರಿಗಿತ್ತು? ಬ್ರಸೆಲ್ಸ್‌ನಲ್ಲಿ ಪೋಲೆಂಡ್ ತಡೆದು ನಿಲ್ಲಿಸಿದ್ದ ಸಂಗತಿಯೇ ಬೇರೊಂದು ರೂಪದಲ್ಲಿ ಆ ಸುಗ್ರೀವಾಜ್ಞೆಯ ಒಂದು ಉಪಕಲಮಿನೊಳಗಿತ್ತು.

ಈ ಎರಡು ಕಡತಗಳ ಕಥೆಯನ್ನು ಸಾಮಾನ್ಯವಾಗಿ ಬೇರೆಬೇರೆಯಾಗಿ ಹೇಳುತ್ತಾರೆ. ಒಟ್ಟಿಗೆ ಹೇಳಬೇಕೆಂಬುದು ನನ್ನ ಹಟ. ಎರಡೂ ಕಡೆ ಕಾನೂನು ಬೇರೊಂದು ವಿಷಯದ ಮರೆಯಲ್ಲಿ ಬಂತು. ಎರಡೂ ಕಡೆ ಜನಪ್ರತಿನಿಧಿಗಳ ಸಭೆ ಅದನ್ನು ಬಯಲಿಗೆಳೆದು ಬೇಡವೆಂದಿತು. ಇದೆಲ್ಲ ಆದದ್ದು ಏಳು ತಿಂಗಳೊಳಗೆ.

ಅಷ್ಟೊಂದು ಜಗಳ ಯಾವುದರ ಬಗ್ಗೆ? ಒಂದು ಉದಾಹರಣೆ ನೋಡೋಣ. 1979ರಲ್ಲಿ ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಎಂಬಿಬ್ಬರು ವಿಸಿಕ್ಯಾಲ್ಕ್ ಎಂಬ ಪ್ರೋಗ್ರಾಂ ಹೊರತಂದರು. ಸಾಲು ಮತ್ತು ಕಂಬಗಳ ಚೌಕಳಿ, ಒಂದು ಮನೆಯಲ್ಲಿ ಅಂಕಿ ಬದಲಿಸಿದರೆ ಅದನ್ನು ನೆಚ್ಚಿದ ಮನೆಗಳೆಲ್ಲ ತಾವಾಗಿಯೇ ಬದಲಾಗುವ ಲೆಕ್ಕದ ಹಾಳೆ. ಸಾಫ್ಟ್‌ವೇರಿಗೆ ಪೇಟೆಂಟ್ ಸಿಗುವುದು ಕಷ್ಟವೆಂದು ವಕೀಲರು ಹೇಳಿದ್ದರಿಂದ ಅವರು ಅರ್ಜಿ ಹಾಕಲಿಲ್ಲ. ಹಕ್ಕುಸ್ವಾಮ್ಯ ಮಾತ್ರ ಇತ್ತು. ಅವರು ಬರೆದ ಸಂಕೇತವನ್ನು ನಕಲು ಮಾಡುವಂತಿರಲಿಲ್ಲ, ಆದರೆ ಅದೇ ಉಪಾಯವನ್ನು ಹಿಡಿದು ತನ್ನದೇ ಪ್ರೋಗ್ರಾಂ ಬರೆಯಲು ಯಾರಿಗೂ ಅಡ್ಡಿಯಿರಲಿಲ್ಲ. ಲೋಟಸ್ ಬಂತು, ಎಕ್ಸೆಲ್ ಬಂತು. ಇವತ್ತು ನಮ್ಮ ಗ್ರಾಮ ಪಂಚಾಯಿತಿಯ ಕಚೇರಿಯಲ್ಲೂ ಆ ಹಾಳೆ ತೆರೆದಿರುತ್ತದೆ. ಪೇಟೆಂಟ್ ಇದ್ದಿದ್ದರೆ ಆ ಉಪಾಯವೇ ಹಲವು ವರ್ಷ ಒಬ್ಬರ ಸೊತ್ತಾಗಿರುತ್ತಿತ್ತು. ಅವರ ಒಂದು ಸಾಲನ್ನೂ ನೋಡದೆ, ಸ್ವಂತ ಬುದ್ಧಿಯಿಂದ ಅದನ್ನೇ ಕಂಡುಕೊಂಡವನೂ ತಪ್ಪಿತಸ್ಥನಾಗುತ್ತಿದ್ದ. ಪೇಟೆಂಟ್ ಕಾನೂನಿನ ಸ್ವಭಾವವೇ ಅಂಥದು.

ಇದು ಬರೀ ಊಹೆಯಲ್ಲ. ದತ್ತಾಂಶವನ್ನು ಕುಗ್ಗಿಸುವ ಒಂದು ಕ್ರಮವನ್ನು ಟೆರ್ರಿ ವೆಲ್ಚ್ 1984ರಲ್ಲಿ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಅದನ್ನು ಬಳಸಿ ಕಂಪ್ಯುಸರ್ವ್ ಎಂಬ ಸಂಸ್ಥೆ 1987ರಲ್ಲಿ ಜಿಫ್ ಚಿತ್ರಗಳ ರೂಪವನ್ನು ಕಟ್ಟಿತು. ಲೋಕವೆಲ್ಲ ಅದನ್ನು ಬಳಸತೊಡಗಿತು. 1994ರ ಕೊನೆಗೆ ಗೊತ್ತಾಯಿತು, ಆ ಕ್ರಮಕ್ಕೆ ಯೂನಿಸಿಸ್ ಕಂಪನಿಯ ಹೆಸರಿನಲ್ಲಿ ಪೇಟೆಂಟ್ ಇದೆ, ಜಿಫ್ ಚಿತ್ರ ತಯಾರಿಸುವ ಸಾಫ್ಟ್‌ವೇರ್ ಬರೆದವರು ಪರವಾನಗಿ ಪಡೆಯಬೇಕು ಎಂದು. ರೊಚ್ಚಿಗೆದ್ದ ಪ್ರೋಗ್ರಾಮರ್‌ಗಳು ಕೆಲವೇ ತಿಂಗಳಲ್ಲಿ ಪೇಟೆಂಟಿನ ಹಂಗಿಲ್ಲದ ಪಿಎನ್‌ಜಿ ರೂಪವನ್ನು ಕಟ್ಟಿದರು.

ಅಮೆರಿಕ ಆ ಹೊತ್ತಿಗಾಗಲೇ ಬಾಗಿಲು ತೆರೆದಾಗಿತ್ತು. ರಬ್ಬರ್ ಹದಮಾಡುವ ಅಚ್ಚಿನ ತಾಪಮಾನವನ್ನು ಕಂಪ್ಯೂಟರಿನಿಂದ ಲೆಕ್ಕ ಹಾಕುವ ವಿಧಾನಕ್ಕೆ ಪೇಟೆಂಟ್ ಕೊಡಬಹುದೆಂದು ಅಲ್ಲಿನ ಸುಪ್ರೀಂ ಕೋರ್ಟ್ 1981ರಲ್ಲಿ ಹೇಳಿತು. 1998ರಲ್ಲಿ ಇನ್ನೊಂದು ನ್ಯಾಯಾಲಯ ಹೂಡಿಕೆ ನಿಧಿಯ ಲೆಕ್ಕಾಚಾರದ ವಿಧಾನಕ್ಕೂ ಪೇಟೆಂಟ್ ಸಲ್ಲುತ್ತದೆ ಎಂದಿತು. ಮರುವರ್ಷ ಅಮೆಜಾನ್ ಕಂಪನಿಗೆ ಒಂದೇ ಕ್ಲಿಕ್ಕಿನಲ್ಲಿ ಖರೀದಿ ಮುಗಿಸುವುದಕ್ಕೆ ಪೇಟೆಂಟ್ ದೊರೆಯಿತು. ಕೆಲವೇ ವಾರಗಳಲ್ಲಿ ಅದು ಬಾರ್ನ್ಸ್ ಅಂಡ್ ನೋಬಲ್ ಪುಸ್ತಕದಂಗಡಿಯ ಮೇಲೆ ದಾವೆ ಹೂಡಿ, ಕ್ರಿಸ್‌ಮಸ್ ವ್ಯಾಪಾರ ಬಿರುಸಾಗಿರುವಾಗಲೇ ತಡೆಯಾಜ್ಞೆ ತಂದಿತು. ಮೇಲ್ಮನವಿಯಲ್ಲಿ ತಡೆಯಾಜ್ಞೆ ಬಿದ್ದುಹೋದದ್ದು 2001ರಲ್ಲಿ. ಅಷ್ಟರಲ್ಲಿ ಎರಡು ಹಬ್ಬದ ಕಾಲಗಳು ಮುಗಿದಿದ್ದವು.

ಯುರೋಪಿನ ಕಾನೂನು ಬೇರೆ. 1973ರಲ್ಲಿ ಮ್ಯೂನಿಕ್‌ನಲ್ಲಿ ಸಹಿಯಾದ ಪೇಟೆಂಟ್ ಒಪ್ಪಂದದ 52ನೇ ವಿಧಿ ಗಣಿತದ ವಿಧಾನ, ವ್ಯಾಪಾರದ ವಿಧಾನಗಳ ಜೊತೆಗೆ ಕಂಪ್ಯೂಟರ್ ಪ್ರೋಗ್ರಾಂಗಳನ್ನೂ ಆವಿಷ್ಕಾರಗಳಲ್ಲವೆಂದು ಹೊರಗಿಟ್ಟಿದೆ. ಆದರೆ ಆ ವಿನಾಯಿತಿ ಪ್ರೋಗ್ರಾಂ ಪ್ರೋಗ್ರಾಂ ಆಗಿಯಷ್ಟೇ ಇರುವಾಗ ಮಾತ್ರ ಅನ್ವಯ ಎಂಬ ಷರತ್ತೂ ಅಲ್ಲೇ ಇದೆ. ಈ ಷರತ್ತನ್ನು ಹಿಗ್ಗಿಸುತ್ತ ಹಿಗ್ಗಿಸುತ್ತ ಯುರೋಪಿನ ಪೇಟೆಂಟ್ ಕಚೇರಿ ಇಪ್ಪತ್ತು ವರ್ಷಗಳಲ್ಲಿ ಸಾವಿರಾರು ಸಾಫ್ಟ್‌ವೇರ್ ಪೇಟೆಂಟ್‌ಗಳನ್ನು ಕೊಟ್ಟುಬಿಟ್ಟಿತ್ತು. ಈ ಕಚೇರಿ ಯುರೋಪಿಯನ್ ಒಕ್ಕೂಟದ ಅಂಗವೂ ಅಲ್ಲ, ಅರ್ಜಿ ಮತ್ತು ನವೀಕರಣದ ಶುಲ್ಕದಿಂದ ನಡೆಯುವ ಪ್ರತ್ಯೇಕ ಸಂಸ್ಥೆ. ಕೊಟ್ಟ ಪೇಟೆಂಟ್‌ಗಳು ದೇಶಗಳ ನ್ಯಾಯಾಲಯಗಳಲ್ಲಿ ನಿಲ್ಲುತ್ತವೋ ಇಲ್ಲವೋ ಎಂಬ ಅಳುಕು ಕೊಟ್ಟವರಿಗೂ ಪಡೆದವರಿಗೂ ಇತ್ತು. 2000ದ ನವೆಂಬರಿನಲ್ಲಿ ಮ್ಯೂನಿಕ್‌ನಲ್ಲಿ ಸೇರಿದ ಸಮ್ಮೇಳನದಲ್ಲಿ 52ನೇ ವಿಧಿಯಿಂದ ಕಂಪ್ಯೂಟರ್ ಪ್ರೋಗ್ರಾಂ ಎಂಬುದನ್ನು ತೆಗೆದುಹಾಕುವ ಪ್ರಸ್ತಾಪ ಬಂತು. ದೇಶಗಳು ಒಪ್ಪಲಿಲ್ಲ. ಆಗ ಹೊಳೆದದ್ದೇ ಇನ್ನೊಂದು ದಾರಿ. 2002ರ ಫೆಬ್ರುವರಿ 20ರಂದು ಯುರೋಪಿಯನ್ ಆಯೋಗ ಹೊಸ ನಿರ್ದೇಶನದ ಕರಡನ್ನು ಮುಂದಿಟ್ಟಿತು. ಇದು ಹೊಸದೇನನ್ನೂ ತರುವುದಿಲ್ಲ, ದೇಶದೇಶಗಳ ರೂಢಿಯನ್ನು ಒಂದುಗೂಡಿಸುತ್ತದೆ ಅಷ್ಟೆ ಎಂದು ಆಯೋಗ ಹೇಳಿತು.

ಕರಡಿನ ಪರವಾಗಿದ್ದವರ ವಾದ ಸುಳ್ಳಿನ ಕಂತೆಯಾಗಿರಲಿಲ್ಲ. ನೋಕಿಯಾ, ಎರಿಕ್ಸನ್, ಫಿಲಿಪ್ಸ್, ಸೀಮೆನ್ಸ್‌ನಂಥ ಕಂಪನಿಗಳು ಹೇಳುತ್ತಿದ್ದದ್ದು ಇದು: ನಿನ್ನೆ ತಂತಿ, ಚಿಪ್ಪು, ಗಿಯರುಗಳಲ್ಲಿ ಮಾಡುತ್ತಿದ್ದುದನ್ನು ಇವತ್ತು ಸಾಫ್ಟ್‌ವೇರಿನಲ್ಲಿ ಮಾಡುತ್ತೇವೆ, ಕಾರಿನ ಬ್ರೇಕಿನಲ್ಲಿ, ಫೋನಿನಲ್ಲಿ, ಆಸ್ಪತ್ರೆಯ ಸ್ಕ್ಯಾನರಿನಲ್ಲಿ, ಹಾಗೆಂದು ನಮ್ಮ ಸಂಶೋಧನೆಗೆ ರಕ್ಷಣೆ ಕಳೆದುಹೋಗಬೇಕೇ? ಒಪ್ಪತಕ್ಕ ಪ್ರಶ್ನೆಯೇ. ಆದರೆ ಕರಡಿನ ಪದಗಳು ಬ್ರೇಕಿನ ಹತ್ತಿರ ನಿಲ್ಲುತ್ತಿರಲಿಲ್ಲ. ತಾಂತ್ರಿಕ ಕೊಡುಗೆ ಇರಬೇಕು ಎನ್ನುತ್ತಿದ್ದ ಅದು ತಾಂತ್ರಿಕ ಎಂದರೇನೆಂದು ಹೇಳುತ್ತಿರಲಿಲ್ಲ. ಪೇಟೆಂಟ್ ಕಚೇರಿಯ ಕಣ್ಣಿಗೆ ಕಂಪ್ಯೂಟರಿನಲ್ಲಿ ಓಡುವುದೆಲ್ಲವೂ ತಾಂತ್ರಿಕವಾಗಿ ಕಂಡರೆ ತಡೆಯುವವರು ಯಾರು?

ವಿರೋಧ ಎದ್ದದ್ದು ಯಾರೂ ನಿರೀಕ್ಷಿಸದ ಕಡೆಯಿಂದ. ಜರ್ಮನಿಯ ಹಾರ್ಟ್‌ಮುಟ್ ಪಿಲ್ಶ್ ಮುಂದಾಳುತನದ ಎಫ್‌ಎಫ್‌ಐಐ ಎಂಬ ಸಣ್ಣ ಸಂಘ ಈಗಾಗಲೇ ಮಂಜೂರಾಗಿದ್ದ ಪೇಟೆಂಟ್‌ಗಳನ್ನು ಒಂದೊಂದಾಗಿ ಹೆಕ್ಕಿ, ಅವುಗಳ ಕಾನೂನು ಭಾಷೆಯ ಸಿಪ್ಪೆ ಸುಲಿದು, ಒಳಗಿರುವುದು ಇಷ್ಟೇ ಎಂದು ತೋರಿಸತೊಡಗಿತು. ಪ್ರೋಗ್ರಾಮರ್‌ಗಳು ಸಾಮಾನ್ಯವಾಗಿ ಬೀದಿಗಿಳಿಯುವ ಜನವಲ್ಲ. ಆದರೂ 2003ರ ಆಗಸ್ಟ್ 27ರಂದು ಬ್ರಸೆಲ್ಸ್‌ನ ಬೀದಿಯಲ್ಲಿ ನಿಂತರು. ಅದೇ ದಿನ ಸಾವಿರಾರು ಜಾಲತಾಣಗಳು ಪ್ರತಿಭಟನೆಯಾಗಿ ಮುಖಪುಟ ಮುಚ್ಚಿದವು. ಸೆಪ್ಟೆಂಬರ್ 24ರಂದು ಯುರೋಪಿಯನ್ ಪಾರ್ಲಿಮೆಂಟ್ ಕರಡನ್ನು ಅಂಗೀಕರಿಸಿತು, ಆದರೆ ತಲೆಕೆಳಗು ಮಾಡಿ. ಬರೀ ದತ್ತಾಂಶ ಸಂಸ್ಕರಣೆ ತಂತ್ರಜ್ಞಾನದ ಕ್ಷೇತ್ರವಲ್ಲ, ಪ್ರಕೃತಿಯ ಶಕ್ತಿಗಳನ್ನು ನಿಯಂತ್ರಿಸುವಂಥದ್ದು ಮಾತ್ರ ತಾಂತ್ರಿಕ, ಬೇರೆಬೇರೆ ವ್ಯವಸ್ಥೆಗಳು ಒಂದರೊಡನೊಂದು ಮಾತಾಡಲು ಬೇಕಾದ್ದಕ್ಕೆ ಪೇಟೆಂಟ್ ಅಡ್ಡಬರಕೂಡದು ಎಂದೆಲ್ಲ ತಿದ್ದಿತು. ಪರವಾಗಿ 361, ವಿರುದ್ಧ 157 ಮತ.

ಸರ್ಕಾರಗಳ ಸಚಿವರು ಕೂಡುವ ಮಂಡಳಿ ಈ ತಿದ್ದುಪಡಿಗಳಲ್ಲಿ ಮುಖ್ಯವಾದವನ್ನು ಕಿತ್ತುಹಾಕಿತು. 2004ರ ಮೇ 18ರಂದು, ಐರ್ಲೆಂಡ್ ಅಧ್ಯಕ್ಷತೆಯಲ್ಲಿ, ಆಯೋಗದ ಮೂಲ ಕರಡಿಗೆ ಹತ್ತಿರವಾದ ಪಠ್ಯಕ್ಕೆ ರಾಜಕೀಯ ಒಪ್ಪಂದವಾಯಿತು. ಸ್ಪೇನ್ ಒಂದೇ ವಿರುದ್ಧ ನಿಂತದ್ದು. ಒಪ್ಪಂದವೇನೋ ಆಯಿತು, ಆದರೆ ಒಪ್ಪಿದವರ ಮನೆಯೊಳಗೇ ಬಿರುಕು ಬಿಟ್ಟಿತು. ಜುಲೈ 1ರಂದು ನೆದರ್ಲೆಂಡ್ಸ್‌ನ ಸಂಸತ್ತು ತನ್ನ ಸಚಿವರಿಗೆ ಬೆಂಬಲ ಹಿಂತೆಗೆಯಿರಿ ಎಂಬ ಗೊತ್ತುವಳಿ ಅಂಗೀಕರಿಸಿತು. ಒಕ್ಕೂಟದ ಅಧ್ಯಕ್ಷತೆ ಅದೇ ನೆದರ್ಲೆಂಡ್ಸ್‌ನ ಕೈಗೆ ಬಂದ ದಿನವೂ ಅದೇ ಆಗಿತ್ತು. ಆಗಸ್ಟಿನಲ್ಲಿ, ತನ್ನ ಸುಮಾರು 14,000 ಕಂಪ್ಯೂಟರುಗಳನ್ನು ಲಿನಕ್ಸ್‌ಗೆ ಬದಲಿಸಲು ಹೊರಟಿದ್ದ ಮ್ಯೂನಿಕ್ ನಗರಾಡಳಿತ ಪೇಟೆಂಟ್ ಭಯದಿಂದ ಟೆಂಡರನ್ನು ಕೆಲಕಾಲ ತಡೆಹಿಡಿಯಿತು. ಅಮೂರ್ತವೆನಿಸುತ್ತಿದ್ದ ವಾದಕ್ಕೆ ಆಗ ಒಂದು ನಗರದ ಹೆಸರು ಸಿಕ್ಕಿತು. ನವೆಂಬರಿನಲ್ಲಿ ಪೋಲೆಂಡಿನ ಸಂಪುಟ ಈ ಪಠ್ಯವನ್ನು ಬೆಂಬಲಿಸಲಾಗದು ಎಂದು ಘೋಷಿಸಿತು. ಅದೇ ತಿಂಗಳು ಲಿನಕ್ಸ್‌ನ ಲೈನಸ್ ಟೋರ್ವಾಲ್ಡ್ಸ್, ಮೈಎಸ್‌ಕ್ಯೂಎಲ್‌ನ ಮೈಕೆಲ್ ವಿಡೇನಿಯಸ್, ಪಿಎಚ್‌ಪಿಯ ರಾಸ್ಮಸ್ ಲೆರ್ಡಾರ್ಫ್ ಮೂವರೂ ಸೇರಿ ಸಚಿವರ ಮಂಡಳಿಗೆ ಬಹಿರಂಗ ಮನವಿ ಮಾಡಿದರು. ಮೂವರೂ ಉತ್ತರ ಯುರೋಪಿನಿಂದ ಬಂದವರು, ಅಂತರ್ಜಾಲದ ಬಹುಪಾಲು ತಾಣಗಳು ಅವರ ಕೈಕೆಲಸದ ಮೇಲೆ ನಿಂತಿದ್ದವು. ಇಷ್ಟಾದ ಮೇಲೂ ಕಡತ ಮೀನುಗಾರಿಕೆ ಸಚಿವರ ಮುಂದೆ ಬಂತು. ಯಾಕೆಂದರೆ ಆದ ಒಪ್ಪಂದವನ್ನು ಮತ್ತೆ ತೆರೆದರೆ ಒಕ್ಕೂಟದ ಕೆಲಸವೇ ನಡೆಯುವುದಿಲ್ಲ ಎಂಬುದು ಬ್ರಸೆಲ್ಸ್‌ನ ಅಲಿಖಿತ ಶಿಸ್ತು.

ಇನ್ನು ದೆಹಲಿಗೆ ಬರೋಣ. ನಮ್ಮ 1970ರ ಪೇಟೆಂಟ್ ಕಾಯ್ದೆ ನ್ಯಾಯಮೂರ್ತಿ ಎನ್. ರಾಜಗೋಪಾಲ ಅಯ್ಯಂಗಾರ್ ಅವರ 1959ರ ವರದಿಯ ಮೇಲೆ ಕಟ್ಟಿದ್ದು. ಪೇಟೆಂಟ್ ಎಂಬುದು ಸಂಶೋಧಕನಿಗೆ ಕೊಡುವ ಬಹುಮಾನವಷ್ಟೇ ಅಲ್ಲ, ಅದಕ್ಕೆ ದೇಶ ತೆರುವ ಬೆಲೆ ಇದೆ, ಆ ಬೆಲೆಗೆ ತಕ್ಕ ಪ್ರತಿಫಲ ದೇಶಕ್ಕೆ ಬರುತ್ತಿದೆಯೇ ನೋಡಬೇಕು ಎಂಬ ದೃಷ್ಟಿ ಅವರದು. ಆ ದೃಷ್ಟಿಯಿಂದಲೇ ಔಷಧಿಗೆ ಪೇಟೆಂಟ್ ಬೇಡ, ತಯಾರಿಸುವ ವಿಧಾನಕ್ಕೆ ಮಾತ್ರ ಸಾಕು ಎಂಬ ನಿಯಮ ಬಂತು, ಭಾರತ ಬಡದೇಶಗಳ ಔಷಧಾಲಯವಾಯಿತು. 1995ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದ ಜಾರಿಯಾದಾಗ ಔಷಧಿಗೂ ಪೇಟೆಂಟ್ ಕೊಡಲು ನಮಗೆ ಹತ್ತು ವರ್ಷದ ಗಡುವು ಸಿಕ್ಕಿತು. ಅದು ಮುಗಿಯುವುದು 2005ರ ಜನವರಿ 1ಕ್ಕೆ.

ಕಂಪ್ಯೂಟರ್ ಪ್ರೋಗ್ರಾಂ ಆ ಗಡುವಿನ ವಿಷಯವೇ ಅಲ್ಲ, ಇದನ್ನು ಒತ್ತಿ ಹೇಳಬೇಕು. ಅದೇ ಒಪ್ಪಂದದ 10ನೇ ವಿಧಿ ಪ್ರೋಗ್ರಾಂಗಳನ್ನು ಸಾಹಿತ್ಯ ಕೃತಿಗಳಂತೆ ಹಕ್ಕುಸ್ವಾಮ್ಯದಡಿ ರಕ್ಷಿಸಲು ಹೇಳುತ್ತದೆ. ನಮ್ಮ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ 1984ರಿಂದಲೇ ಪ್ರೋಗ್ರಾಂ ಸಾಹಿತ್ಯ ಕೃತಿಗಳ ಸಾಲಿನಲ್ಲಿದೆ. ಪೇಟೆಂಟ್ ಕಾಯ್ದೆಯಲ್ಲೂ 2002ರ ತಿದ್ದುಪಡಿಯಿಂದ ಸ್ಪಷ್ಟ ನಿಲುವು ಬಂದಿತ್ತು. ಅದರ 3ನೇ ಸೆಕ್ಷನ್ನಿನ ಕೆ ಉಪಕಲಮು ಗಣಿತದ ವಿಧಾನ, ವ್ಯಾಪಾರದ ವಿಧಾನ, ಕಂಪ್ಯೂಟರ್ ಪ್ರೋಗ್ರಾಂ ತಾನೇತಾನಾಗಿ, ಅಲ್ಗಾರಿದಂ ಇವ್ಯಾವುವೂ ಪೇಟೆಂಟಿಗೆ ಸಲ್ಲುವ ಆವಿಷ್ಕಾರಗಳಲ್ಲ ಎನ್ನುತ್ತದೆ. ತಾನೇತಾನಾಗಿ ಎಂಬ ವಿಶೇಷಣ ಮಸೂದೆಯ ಮೊದಲ ರೂಪದಲ್ಲಿರಲಿಲ್ಲ, ಸಂಸತ್ತಿನ ಜಂಟಿ ಸಮಿತಿ ಸೇರಿಸಿದ್ದು. ಪ್ರೋಗ್ರಾಂಗೆ ಪೇಟೆಂಟ್ ಕೊಡುವ ಉದ್ದೇಶವಿಲ್ಲ, ಆದರೆ ಪ್ರೋಗ್ರಾಂ ಒಳಗೊಂಡಿದೆ ಎಂಬ ಒಂದೇ ಕಾರಣಕ್ಕೆ ಅದರ ಜೊತೆಗಿರುವ ನಿಜವಾದ ಆವಿಷ್ಕಾರವನ್ನು ತಳ್ಳಿಹಾಕಬಾರದು ಎಂಬುದು ಸಮಿತಿ ಕೊಟ್ಟ ಕಾರಣ. ಈ ತಿದ್ದುಪಡಿ ಜಾರಿಗೆ ಬಂದದ್ದು 2003ರ ಮೇ 20ರಂದು.

ಜಾರಿಯಾಗಿ ಎರಡು ವರ್ಷವೂ ತುಂಬಿರಲಿಲ್ಲ. ಡಿಸೆಂಬರಿನ ಸುಗ್ರೀವಾಜ್ಞೆ ಆ ಉಪಕಲಮನ್ನು ಸೀಳಿ ಎರಡು ಮಾಡಿತು. ಗಣಿತ, ವ್ಯಾಪಾರ, ಅಲ್ಗಾರಿದಂಗಳು ಒಂದು ಕಡೆ ಮೊದಲಿನಂತೆ ಉಳಿದವು. ಪ್ರೋಗ್ರಾಂ ಬೇರೆ ಕಡೆ ಹೋಯಿತು, ಉದ್ಯಮದಲ್ಲಿ ಅದರ ತಾಂತ್ರಿಕ ಅನ್ವಯವನ್ನೂ ಹಾರ್ಡ್‌ವೇರಿನೊಡನೆ ಅದರ ಜೋಡಣೆಯನ್ನೂ ನಿಷೇಧದಿಂದ ಹೊರಗಿಟ್ಟು. ಹಾರ್ಡ್‌ವೇರಿನ ಜೊತೆಯಿಲ್ಲದೆ ಓಡುವ ಪ್ರೋಗ್ರಾಂ ಈ ಭೂಮಿಯ ಮೇಲೆ ಇದೆಯೇ? ಉದ್ಯಮದಲ್ಲಿ ಅನ್ವಯವಿಲ್ಲದ ಪ್ರೋಗ್ರಾಂಗೆ ಪೇಟೆಂಟ್ ಕೇಳುವವರಾದರೂ ಯಾರು? ಹೆಸರಿಗೆ ನಿಷೇಧ ಉಳಿಯಿತು, ಬಾಗಿಲು ಪೂರ್ತಿ ತೆರೆಯಿತು.

ಔಷಧಿಯ ಗಡುವು ಇದ್ದದ್ದರಿಂದ ಸುಗ್ರೀವಾಜ್ಞೆಗೆ ಒಂದು ಸಮರ್ಥನೆಯಿತ್ತು. ಸಾಫ್ಟ್‌ವೇರಿಗೆ ಯಾವ ಗಡುವೂ ಇರಲಿಲ್ಲ, ಯಾವ ಅಂತಾರಾಷ್ಟ್ರೀಯ ಒತ್ತಾಯದ ದಿನಾಂಕವೂ ಇರಲಿಲ್ಲ. ಜಂಟಿ ಸಮಿತಿ ಕೂತು ಯೋಚಿಸಿ ಬರೆದ ಸಾಲನ್ನು ಸಂಸತ್ತು ಸೇರದ ದಿನಗಳಲ್ಲಿ, ಬೇರೊಂದು ವಿಷಯದ ತುರ್ತಿನ ಬೆನ್ನೇರಿಸಿ ಬದಲಿಸಿದ್ದು ನನ್ನ ಮಟ್ಟಿಗೆ ಇಡೀ ಪ್ರಕರಣದ ಅತ್ಯಂತ ಅಸಮಾಧಾನದ ಭಾಗ. ಸಾಫ್ಟ್‌ವೇರ್ ಪೇಟೆಂಟ್ ಬೇಕೆನ್ನುವವರು ವಾದ ಮಂಡಿಸಲಿ, ಗೆಲ್ಲಲಿ, ಅದಕ್ಕೆ ಸದನವಿದೆ.

ಸದನ ಸೇರಿದ್ದು 2005ರ ಆರಂಭದಲ್ಲಿ. ಮನಮೋಹನ್ ಸಿಂಗ್ ಸರ್ಕಾರ ಎಡಪಕ್ಷಗಳ ಹೊರಗಿನ ಬೆಂಬಲದ ಮೇಲೆ ನಿಂತಿತ್ತು. ಸುಗ್ರೀವಾಜ್ಞೆ ಸದನ ಸೇರಿದ ಆರು ವಾರಗಳಲ್ಲಿ ಸಾಯುವಂಥದ್ದು, ಅಷ್ಟರಲ್ಲಿ ಮಸೂದೆ ಆಗಲೇಬೇಕು. ವಾಣಿಜ್ಯ ಸಚಿವ ಕಮಲ್ ನಾಥ್ ಅವರಿಗೆ ಎಡಪಕ್ಷಗಳ ಮತವಿಲ್ಲದೆ ದಾರಿಯಿರಲಿಲ್ಲ. ಎಚ್‌ಐವಿ ರೋಗಿಗಳ ಸಂಘಟನೆಗಳು, ವೈದ್ಯರು, ಹೊರದೇಶದ ಆರೋಗ್ಯ ಸಂಸ್ಥೆಗಳು ಎಲ್ಲರ ದನಿ ಔಷಧಿಯ ಬೆಲೆಯ ಸುತ್ತಲೇ ಇತ್ತು, ಇರಬೇಕಾದ್ದೂ ಅಲ್ಲೇ. ಆ ದೊಡ್ಡ ದನಿಯ ಪಕ್ಕದಲ್ಲಿ ಸ್ವತಂತ್ರ ತಂತ್ರಾಂಶ ಚಳವಳಿಯ ಸಣ್ಣ ದನಿಯೂ ಸೇರಿಕೊಂಡಿತು. ಫ್ರೀ ಸಾಫ್ಟ್‌ವೇರ್ ಫೌಂಡೇಶನ್ನಿನ ಭಾರತದ ಶಾಖೆ 2001ರಲ್ಲಿ ತಿರುವನಂತಪುರದಲ್ಲಿ ಶುರುವಾಗಿತ್ತು. ಎಡಪಕ್ಷಗಳಿಗೆ ಈ ವಿಷಯ ಅಪರಿಚಿತವಾಗಿರಲಿಲ್ಲ. ಅಂತೂ ಮಾರ್ಚ್ 22ರಂದು ಲೋಕಸಭೆ, 23ರಂದು ರಾಜ್ಯಸಭೆ ಅಂಗೀಕರಿಸಿದ ಕಾಯ್ದೆಯಲ್ಲಿ ಸುಗ್ರೀವಾಜ್ಞೆಯ ಆ ಸಾಲು ಇರಲಿಲ್ಲ. 2002ರ ಪಠ್ಯವೇ ಉಳಿಯಿತು. ಹಳೆಯ ಔಷಧಿಗೆ ಸಣ್ಣ ಮಾರ್ಪಾಡು ಮಾಡಿ ಹೊಸ ಪೇಟೆಂಟ್ ಕೇಳುವುದನ್ನು ತಡೆಯುವ ಪ್ರಸಿದ್ಧ 3-ಡಿ ಉಪಕಲಮು ಈಗಿನ ರೂಪ ಪಡೆದದ್ದೂ ಅದೇ ಕಾಯ್ದೆಯಲ್ಲಿ. ಕ್ಯಾನ್ಸರ್ ಔಷಧಿ ಗ್ಲಿವೆಕ್ ವಿಚಾರದಲ್ಲಿ 2013ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಅದರ ಬಗ್ಗೆ ಪುಸ್ತಕಗಳೇ ಬಂದಿವೆ. ಪಕ್ಕದ 3-ಕೆ ಬಗ್ಗೆ ಬರೆದವರು ಕಡಿಮೆ.

ಆಗ ಬೆಂಗಳೂರು ಏನು ಮಾಡುತ್ತಿತ್ತು ಎಂದು ಕನ್ನಡಿಗರಾದ ನಾವು ಕೇಳಿಕೊಳ್ಳಬೇಕು. ದೇಶದ ಸಾಫ್ಟ್‌ವೇರ್ ರಾಜಧಾನಿಯ ಕಸುಬಿನ ಹಣೆಬರಹ ತೀರ್ಮಾನವಾದದ್ದು ಔಷಧಿಯ ಜಗಳದ ನೆರಳಿನಲ್ಲಿ. ನಮ್ಮ ದೊಡ್ಡ ಕಂಪನಿಗಳು ಆ ಕಾಲದಲ್ಲಿ ಮಾರುತ್ತಿದ್ದದ್ದು ಹೆಚ್ಚಾಗಿ ಸೇವೆಯನ್ನು, ಎಂಜಿನಿಯರುಗಳ ಗಂಟೆಗಳನ್ನು. ಸ್ವಂತ ಉತ್ಪನ್ನ ಕಟ್ಟುವವನಿಗೆ ಪೇಟೆಂಟಿನ ಬೇಲಿ ಎದುರಾಗುವಂತೆ ಅವರಿಗೆ ಎದುರಾಗುತ್ತಿರಲಿಲ್ಲ. ಆದರೆ ಊರಿನ ಇನ್ನೊಂದು ಮಗ್ಗುಲಲ್ಲಿ, ಲಾಭದ ಲೆಕ್ಕವಿಲ್ಲದೆ, ಕನ್ನಡವನ್ನು ಕಂಪ್ಯೂಟರಿಗೆ ಒಗ್ಗಿಸುತ್ತಿದ್ದ ಜನರಿದ್ದರು. ಕೆ.ಪಿ. ರಾವ್ ಅವರ ಕೀಲಿಮಣೆಯನ್ನೇ ನೋಡಿ. ಇಂಗ್ಲಿಷಿನ 26 ಕೀಲಿಗಳೊಳಗೇ ಕನ್ನಡದ ಇಡೀ ವರ್ಣಮಾಲೆ, ವ್ಯಂಜನದ ಮುಂದೆ ಸ್ವರ ಒತ್ತಿದರೆ ಗುಣಿತಾಕ್ಷರ, ನಡುವೆ ಎಫ್ ಕೀಲಿ ಒತ್ತಿದರೆ ಒತ್ತಕ್ಷರ. ಸಾವಿರಾರು ಅಕ್ಷರರೂಪಗಳನ್ನು ಬೆರಳೆಣಿಕೆಯ ನಿಯಮಗಳಿಂದ ಹುಟ್ಟಿಸುವ ಈ ಕ್ರಮ, ಸುಗ್ರೀವಾಜ್ಞೆಯ ಭಾಷೆಯಲ್ಲಿ ಹೇಳುವುದಾದರೆ, ಹಾರ್ಡ್‌ವೇರಿನೊಡನೆ ಜೋಡಿಯಾದ ಪ್ರೋಗ್ರಾಮೇ. ರಾವ್ ಅದನ್ನು ಯಾರಿಂದಲೂ ಕಾಸು ಕೇಳದೆ ಎಲ್ಲರಿಗೂ ಬಿಟ್ಟುಕೊಟ್ಟರು. ಸರ್ಕಾರ ಅದನ್ನು ಆಧರಿಸಿದ ವಿನ್ಯಾಸವನ್ನೇ ಮಾನ್ಯ ಮಾಡಿತು, ನುಡಿ ತಂತ್ರಾಂಶ ಅದರ ಮೇಲೆ ನಿಂತಿತು, ಆಮೇಲೆ ಬಂದ ಫೋನಿನ ಕೀಲಿಮಣೆಗಳೂ ಅದನ್ನು ಅಳವಡಿಸಿಕೊಂಡವು. ಅಂಥ ಉಪಾಯವೊಂದು ಇಪ್ಪತ್ತು ವರ್ಷ ಒಂದು ಕಂಪನಿಯ ಕೈಯಲ್ಲಿ ಸಿಕ್ಕಿದ್ದರೆ ಕನ್ನಡದಲ್ಲಿ ಬೆರಳಚ್ಚು ಮಾಡುವ ಪ್ರತಿಯೊಬ್ಬರೂ ಅದರ ಬೆಲೆ ತೆರುತ್ತಿದ್ದರು. ನನಗೆ ಈ ವಿಷಯ ಕಾನೂನಿನ ಸೂಕ್ಷ್ಮವಾಗಿ ಕಾಣದೆ ಹೊಟ್ಟೆಪಾಡಿನ, ನುಡಿಯ ಪ್ರಶ್ನೆಯಾಗಿ ಕಾಣುವುದು ಇದಕ್ಕೇ.

ಯುರೋಪಿನ ಕಡತ ಇನ್ನೂ ಮುಗಿದಿರಲಿಲ್ಲ. ಜನವರಿಯಲ್ಲಿ ಮತ್ತೆ ಕೃಷಿ ಸಚಿವರ ಸಭೆಯ ಪಟ್ಟಿಗೆ ಸೇರಿಸಿದರು, ಪೋಲೆಂಡ್ ಮತ್ತೆ ತಡೆಯಿತು. ಫೆಬ್ರುವರಿಯಲ್ಲಿ ಪಾರ್ಲಿಮೆಂಟಿನ ಕಾನೂನು ಸಮಿತಿ ಇಡೀ ಪ್ರಕ್ರಿಯೆಯನ್ನು ಮೊದಲಿಂದ ಶುರುಮಾಡಿ ಎಂದು ಆಯೋಗವನ್ನು ಕೇಳಿತು. ಆಯೋಗ ಒಲ್ಲೆನೆಂದಿತು. ಮಾರ್ಚ್ 7ರಂದು ಲಕ್ಸೆಂಬರ್ಗ್ ಅಧ್ಯಕ್ಷತೆಯ ಸಭೆಯಲ್ಲಿ ಡೆನ್ಮಾರ್ಕ್, ಪೋಲೆಂಡ್, ಪೋರ್ಚುಗಲ್ ಮೂರೂ ಚರ್ಚೆಗೆ ತೆಗೆದುಕೊಳ್ಳಿ ಎಂದು ಬೇಡಿದವು. ಅಧ್ಯಕ್ಷರು ನಿಯಮ ತೋರಿಸಿ ನಿರಾಕರಿಸಿ, ಪಠ್ಯ ಅಂಗೀಕಾರವಾಯಿತೆಂದು ಸಾರಿದರು. ಡೆನ್ಮಾರ್ಕಿನ ಸಚಿವರಿಗೆ ಅವರ ಸಂಸತ್ತೇ ಚರ್ಚೆ ಕೇಳಬೇಕೆಂದು ಅಪ್ಪಣೆ ಕೊಟ್ಟು ಕಳಿಸಿತ್ತು. ಪ್ರಜಾಪ್ರಭುತ್ವದ ತವರೆಂದು ಹೆಮ್ಮೆಪಡುವ ಖಂಡದಲ್ಲಿ ಸಂಸತ್ತಿನ ಆದೇಶಕ್ಕಿಂತ ಸಭೆಯ ವಾಡಿಕೆ ದೊಡ್ಡದಾಯಿತು.

ಆ ಅಂಗೀಕಾರದ ರೀತಿಯೇ ಪಾರ್ಲಿಮೆಂಟನ್ನು ಕೆರಳಿಸಿತು. ಪಠ್ಯ ಮತ್ತೆ ಪಾರ್ಲಿಮೆಂಟಿನ ಮುಂದೆ ಬಂದಾಗ ಎರಡನೆಯ ಓದಿನ ಹೊಣೆ ಹೊತ್ತವರು ಫ್ರಾನ್ಸಿನ ಮಾಜಿ ಪ್ರಧಾನಿ ಮಿಶೆಲ್ ರೊಕಾರ್. ಎಪ್ಪತ್ತನಾಲ್ಕರ ಹಿರಿಯ, ಪ್ರೋಗ್ರಾಮರ್ ಅಲ್ಲ. ಆದರೂ ವಿಷಯದ ತಳಕ್ಕಿಳಿದು ಓದಿಕೊಂಡರು. ಯಂತ್ರದಿಂದ ಹೊರಗೆ, ಭೌತಿಕ ಲೋಕದಲ್ಲಿ ಏನನ್ನಾದರೂ ಚಲಿಸುವ, ಕಾಯಿಸುವ, ಅಳೆಯುವ ಭಾಗಕ್ಕೆ ಪೇಟೆಂಟ್ ಇರಲಿ, ಒಳಗೆ ನಡೆಯುವ ಮಾಹಿತಿಯ ಸಂಸ್ಕರಣೆ ಯೋಚನೆಯಂತೆ ಎಲ್ಲರದು ಎಂಬ ಗೆರೆಯನ್ನು ಅವರು ಎಳೆದರು. ಬ್ರೇಕಿನ ಪ್ರಶ್ನೆಗೂ ಲೆಕ್ಕದ ಹಾಳೆಯ ಪ್ರಶ್ನೆಗೂ ಒಟ್ಟಿಗೆ ಉತ್ತರ ಕೊಡುವ ಗೆರೆ ಅದು. ಇಷ್ಟು ಸ್ಪಷ್ಟವಾದುದನ್ನು ಆ ಹಿಂದೆ ಯಾವ ರಾಜಕಾರಣಿಯೂ ಹೇಳಿದ್ದನ್ನು ನಾನು ಓದಿಲ್ಲ.

ಎರಡನೆಯ ಓದಿನಲ್ಲಿ ತಿದ್ದುಪಡಿಗೂ ತಿರಸ್ಕಾರಕ್ಕೂ ಹಾಜರಿದ್ದವರ ಬಹುಮತ ಸಾಲದು, 732 ಸದಸ್ಯರಲ್ಲಿ 367 ಮತ ಬೇಕು. ರೊಕಾರ್ ತಿದ್ದುಪಡಿಗಳು ಗೆಲ್ಲಬಹುದೆಂದು ಕಂಡಾಗ ದೊಡ್ಡ ಕಂಪನಿಗಳ ಪಾಳೆಯ ಹೆದರಿತು. ಗೆಲ್ಲದೆ ಹೋಗಬಹುದೆಂದು ವಿರೋಧಿಗಳೂ ಹೆದರಿದ್ದರು. ಕೆಟ್ಟ ಕಾನೂನಿಗಿಂತ ಕಾನೂನಿಲ್ಲದಿರುವುದೇ ಮೇಲು ಎಂಬ ತೀರ್ಮಾನಕ್ಕೆ ಎರಡೂ ಕಡೆಯವರು ತಮ್ಮತಮ್ಮ ಕಾರಣದಿಂದ ಬಂದರು. 2005ರ ಜುಲೈ 6ರಂದು ಸ್ಟ್ರಾಸ್‌ಬರ್ಗ್‌ನಲ್ಲಿ ನಿರ್ದೇಶನ ಬಿದ್ದುಹೋಯಿತು. ತಿರಸ್ಕರಿಸಿ ಎಂದವರು 648, ತಿರಸ್ಕರಿಸಬೇಡಿ ಎಂದವರು 14, ತಟಸ್ಥರು 18. ಈ ಅಂಕಿಯನ್ನು ನೋಡಿ ಎಲ್ಲರೂ ಪ್ರೋಗ್ರಾಮರ್‌ಗಳ ಪರವಾಗಿದ್ದರು ಎಂದುಕೊಳ್ಳುವುದು ತಪ್ಪಾಗುತ್ತದೆ. ಯುರೋಪಿನ ಪೇಟೆಂಟ್ ಕಚೇರಿ ಮರುದಿನವೂ ತನ್ನ ಹಳೆಯ ರೂಢಿಯಂತೆಯೇ ಅರ್ಜಿಗಳನ್ನು ನೋಡತೊಡಗಿತು.

ನಮ್ಮಲ್ಲಿಯೂ ಕಾಯ್ದೆ ಉಳಿಯಿತು, ಜಗಳ ಸದನದಿಂದ ಕಚೇರಿಗೆ ಸ್ಥಳಾಂತರವಾಯಿತು. 2008ರಲ್ಲಿ ಪೇಟೆಂಟ್ ಕಚೇರಿಯ ಕೈಪಿಡಿಯ ಕರಡು ಬಂದಾಗ ಬೆಂಗಳೂರು ಕೊನೆಗೂ ಎದ್ದಿತು. ಅದೇ ವರ್ಷ ಇಲ್ಲಿ ಹುಟ್ಟಿದ ಸೆಂಟರ್ ಫಾರ್ ಇಂಟರ್‌ನೆಟ್ ಅಂಡ್ ಸೊಸೈಟಿ ಈ ವಿಷಯ ಕೈಗೆತ್ತಿಕೊಂಡಿತು, ಸ್ವತಂತ್ರ ತಂತ್ರಾಂಶದ ಬಳಗಗಳು ಆಕ್ಷೇಪಣೆ ಎತ್ತಿದವು. 2015ರ ಆಗಸ್ಟ್ 21ರಂದು ಪೇಟೆಂಟ್ ಕಚೇರಿ ಪರೀಕ್ಷಕರಿಗಾಗಿ ಮಾರ್ಗಸೂಚಿ ಹೊರಡಿಸಿತು. ಸಂಸತ್ತು ಹತ್ತು ವರ್ಷದ ಹಿಂದೆ ಕೈಬಿಟ್ಟಿದ್ದ ತಾಂತ್ರಿಕ ಅನ್ವಯದ ತರ್ಕ ಅದರೊಳಗೆ ಮತ್ತೆ ತಲೆಯೆತ್ತಿತ್ತು. ಪ್ರಧಾನಿ ಕಾರ್ಯಾಲಯಕ್ಕೆ ಪತ್ರಗಳು ಹೋದವು. ಈ ಸಲ ಆಕ್ಷೇಪಿಸಿದವರಲ್ಲಿ ಚಳವಳಿಗಾರರಷ್ಟೇ ಅಲ್ಲದೆ ಉತ್ಪನ್ನ ಕಟ್ಟುವ ಸ್ಟಾರ್ಟಪ್‌ಗಳ ಪರ ಕೆಲಸ ಮಾಡುವ ಐಸ್ಪಿರ್ಟ್ ಕೂಡ ಇತ್ತು. 2005ರಲ್ಲಿ ಕೇಳದಿದ್ದ ದನಿ ಅದು. ಡಿಸೆಂಬರ್ 14ರಂದು ಮಾರ್ಗಸೂಚಿಯನ್ನು ತಡೆಹಿಡಿದರು. 2016ರ ಫೆಬ್ರುವರಿ 19ರಂದು ಬಂದ ಹೊಸದು ಬಿಗಿಯಾಗಿತ್ತು, ಹೊಸತನ ಪ್ರೋಗ್ರಾಂನಲ್ಲಿದ್ದರೆ ಜೊತೆಗೆ ಹೊಸ ಹಾರ್ಡ್‌ವೇರೂ ಇರಬೇಕೆಂದಿತು. 2017ರ ಜೂನ್ 30ರಂದು ಇನ್ನೊಂದು ಬಂತು, ಹೊಸ ಹಾರ್ಡ್‌ವೇರಿನ ಷರತ್ತು ಅದರಲ್ಲಿ ಇರಲಿಲ್ಲ. ಎರಡು ವರ್ಷದೊಳಗೆ ಮೂರು ಮಾರ್ಗಸೂಚಿ, ಕಾಯ್ದೆಯ ಸಾಲು ಮಾತ್ರ ಒಂದೇ.

ಆ ಸಾಲಿನ ಅರ್ಥವನ್ನು ಈಗ ನ್ಯಾಯಾಲಯಗಳು ಬಿಡಿಸುತ್ತಿವೆ. ಫೆರೀದ್ ಅಲ್ಲಾನಿ ಎಂಬವರು ಅಂತರ್ಜಾಲದ ಮಾಹಿತಿಯನ್ನು ಸುಲಭವಾಗಿ ತಲುಪುವ ವಿಧಾನವೊಂದಕ್ಕೆ ಭಾರತದಲ್ಲಿ ಅರ್ಜಿ ಹಾಕಿದ್ದು 2002ರಲ್ಲಿ. ಪೇಟೆಂಟ್ ಕಚೇರಿ ತಿರಸ್ಕರಿಸಿತು. ಪ್ರಕರಣ ಮೇಲ್ಮನವಿ ಮಂಡಳಿಗೂ ಹೈಕೋರ್ಟಿಗೂ ನಡುವೆ ಅಲೆಯಿತು. 2019ರ ಡಿಸೆಂಬರ್ 12ರಂದು ದೆಹಲಿ ಹೈಕೋರ್ಟಿನ ನ್ಯಾಯಮೂರ್ತಿ ಪ್ರತಿಭಾ ಸಿಂಗ್, ಇವತ್ತಿನ ಲೋಕದಲ್ಲಿ ಹೆಚ್ಚಿನ ಆವಿಷ್ಕಾರಗಳು ಪ್ರೋಗ್ರಾಂ ಆಧರಿಸಿಯೇ ಇರುವಾಗ ಅವನ್ನೆಲ್ಲ ಸಾರಾಸಗಟಾಗಿ ತಳ್ಳಿಹಾಕುವುದು ಸಲ್ಲದು, ತಾಂತ್ರಿಕ ಪರಿಣಾಮವಿದೆಯೇ ನೋಡಿ ಎಂದು ಅರ್ಜಿಯನ್ನು ಮರುಪರಿಶೀಲನೆಗೆ ಕಳಿಸಿದರು. ಮೇಲ್ಮನವಿ ಮಂಡಳಿ 2020ರಲ್ಲಿ ಅರ್ಜಿದಾರರ ಪರ ಆದೇಶ ಕೊಟ್ಟಿತು. ಪೇಟೆಂಟಿನ ಇಪ್ಪತ್ತು ವರ್ಷದ ಅವಧಿ ಅಷ್ಟರಲ್ಲಿ ಬಹುಮಟ್ಟಿಗೆ ಕಳೆದಿತ್ತು. ತಾಂತ್ರಿಕ ಪರಿಣಾಮ ಎಂದರೇನು ಎಂಬುದರ ಮೇಲೆ ದೆಹಲಿಯಲ್ಲೂ ಚೆನ್ನೈನಲ್ಲೂ ಅರ್ಜಿಗಳ ವಿಚಾರಣೆ ನಡೆಯುತ್ತಲೇ ಇದೆ.